ಗುಳೆಯ ಹಿಂದಿನ ಲೆಕ್ಕ



ಸುಗ್ಗಿ ಮುಗಿಯುತ್ತಿದ್ದಂತೆ ರಾಯಚೂರು, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಅನೇಕ ಮನೆಗಳಿಗೆ ಬೀಗ ಬೀಳುತ್ತದೆ. ಪಾತ್ರೆ, ಹಾಸಿಗೆ ಕಟ್ಟಿಕೊಂಡು ಮನೆಮಂದಿಯೆಲ್ಲ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಇದೇ ‘ಗುಳೆ’. ಏಕೆ ಹೋಗುತ್ತಾರೆ? ನಗರದಲ್ಲಿ ಕೂಲಿ ಹೆಚ್ಚು ಎಂದು ನೀವು ಹೇಳಬಹುದು. ಆ ಉತ್ತರ ಅರ್ಧ ಸರಿ.

ಮೊದಲು ಸ್ಥಳದ ಮಹತ್ವವನ್ನು ಗಮನಿಸಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿಂಧನೂರು ಭಾಗಕ್ಕೆ ಭತ್ತದ ನಾಟಿಯ ಕಾಲದಲ್ಲಿ ಹೊರಗಿನ ಆಳುಗಳೂ ಬರುತ್ತಾರೆ. ಅದೇ ರಾಯಚೂರು ಜಿಲ್ಲೆಯ ಮಳೆಯಾಶ್ರಿತ ಹಳ್ಳಿಗಳಿಂದ ಜನ ಹೊರಗೆ ಹೋಗುತ್ತಾರೆ. ಜಿಲ್ಲೆ ಒಂದೇ ಆದರೂ, ನೀರು ಎಲ್ಲಿಯವರೆಗೆ ತಲುಪುತ್ತದೆಯೋ ಅಲ್ಲಿಯವರೆಗೆ ಕೆಲಸವೂ ತಲುಪುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಅಂಕಿಗಳು ಕೇವಲ ಉದಾಹರಣೆಗೆ. ಹಳ್ಳಿಯಲ್ಲಿ ದಿನದ ಕೂಲಿ 350 ರೂಪಾಯಿ, ನಗರದಲ್ಲಿ 700 ಎಂದಿಟ್ಟುಕೊಳ್ಳಿ. ನಗರದಲ್ಲಿ ತಿಂಗಳಿಗೆ 15 ದಿನ ಮಾತ್ರ ಕೆಲಸ ಸಿಕ್ಕರೆ ಬರುವುದು 10,500. ಬಾಡಿಗೆ ಮುಂತಾದ ಹೆಚ್ಚುವರಿ ಖರ್ಚು 4,000 ಕಳೆದರೆ 6,500 ಉಳಿಯುತ್ತದೆ. ಬೇಸಿಗೆಯಲ್ಲಿ ಊರಲ್ಲಿ 10 ದಿನ ಕೆಲಸವಿದ್ದರೆ ಸಿಗುವುದು 3,500, ಆದ್ದರಿಂದ ಗುಳೆ. ಬಿತ್ತನೆ, ಕಳೆಯ ಕಾಲದಲ್ಲಿ 24 ದಿನ ಕೆಲಸವಿದ್ದರೆ 8,400. ಆದ್ದರಿಂದ ಊರಿಗೆ ವಾಪಸು. ಅಂದರೆ, ಕೂಲಿಯ ದರದ ಜೊತೆಗೆ ಕೆಲಸ ಸಿಗುವ ಸಂಭವವನ್ನೂ ಜನ ತೂಗಿನೋಡುತ್ತಾರೆ. ಜಾನ್ ಹ್ಯಾರಿಸ್ ಮತ್ತು ಮೈಕೆಲ್ ಟೊಡಾರೊ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಇದನ್ನೇ ‘ನಿರೀಕ್ಷಿತ ಕೂಲಿ’ ಎಂದು ವಿವರಿಸಿದರು.

ಇದರಿಂದ ಒಂದು ವಿಚಿತ್ರ ಪರಿಣಾಮ ಹುಟ್ಟುತ್ತದೆ. ನಗರದಲ್ಲಿ ಹೊಸ ಕೆಲಸಗಳು ಹೆಚ್ಚಿ, ತಿಂಗಳಿಗೆ 20 ದಿನ ಕೆಲಸ ಸಿಗುವಂತಾಯಿತೆನ್ನಿ. ಆಗ ಖರ್ಚು ಕಳೆದು 10,000 ಉಳಿಯುತ್ತದೆ. ಸುದ್ದಿ ಊರಿಗೆ ಮುಟ್ಟುತ್ತದೆ, ಇನ್ನಷ್ಟು ಜನ ಬರುತ್ತಾರೆ, ಒಬ್ಬೊಬ್ಬರಿಗೂ ಸಿಗುವ ದಿನಗಳು ಮತ್ತೆ ಇಳಿಯುತ್ತವೆ. ಕೀನ್ಯಾದಲ್ಲಿ 1964ರಲ್ಲಿ ಸರ್ಕಾರ, ಮಾಲೀಕರು ಮತ್ತು ಕಾರ್ಮಿಕ ಸಂಘಗಳು ಕೂಡಿ ಉದ್ಯೋಗ ಹೆಚ್ಚಿಸುವ ಒಪ್ಪಂದ ಮಾಡಿಕೊಂಡಾಗ, ಕೆಲಸ ಅರಸಿ ಪಟ್ಟಣಕ್ಕೆ ಬಂದವರ ಸಂಖ್ಯೆಯೇ ಏರಿತು. ನಿರುದ್ಯೋಗ ನೀಗಲಿಲ್ಲ.

ಹಾಗಾದರೆ ಪರಿಹಾರವೇನು? ಹಳ್ಳಿಯಲ್ಲೂ ಕೆಲಸದ ದಿನಗಳು ಹೆಚ್ಚಬೇಕು. 2005ರ ಉದ್ಯೋಗ ಖಾತರಿ ಕಾಯ್ದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಭರವಸೆ ಕೊಟ್ಟದ್ದು ಈ ದೃಷ್ಟಿಯಿಂದಲೇ. ಕೆರೆಯ ಹೂಳೆತ್ತಿದರೆ ಅಂದಿನ ಕೂಲಿಯೂ ಸಿಗುತ್ತದೆ, ಮುಂದಿನ ಬೆಳೆಗೆ ನೀರೂ ನಿಲ್ಲುತ್ತದೆ.

ವಲಸೆ ತಪ್ಪಲ್ಲ. ಆದರೆ ಬಯಸಿ ಹೋಗುವುದು ಬೇರೆ, ಬೇರೆ ದಾರಿಯಿಲ್ಲದೆ ಹೋಗುವುದು ಬೇರೆ. 2020ರ ಲಾಕ್‌ಡೌನ್‌ನಲ್ಲಿ ನಗರದ ಕೆಲಸ ನಿಂತಾಗ ನೂರಾರು ಮೈಲಿ ನಡೆದು ಊರು ಸೇರಿದವರನ್ನು ದೇಶವೇ ಕಂಡಿತು. ಗುಳೆ ಹೋದ ಮನೆಯ ಮಗುವಿನ ಜಾಗ ಶಾಲೆಯಲ್ಲಿ ಖಾಲಿಯಾಗುತ್ತದೆ. ಆ ನಷ್ಟ ಯಾವ ಕೂಲಿಯ ಲೆಕ್ಕದಲ್ಲೂ ಸೇರುವುದಿಲ್ಲ.

ನಿಮ್ಮ ಊರಿನಲ್ಲೇ ನಾಲ್ಕು ಮನೆಗಳಲ್ಲಿ ವಿಚಾರಿಸಿ. ಕೂಲಿ ಎಷ್ಟು ಎಂದು ಕೇಳಿ. ವರ್ಷದಲ್ಲಿ ಎಷ್ಟು ದಿನ ಕೆಲಸ ಎಂದೂ ಮರೆಯದೆ ಕೇಳಿ.