ಕಲ್ಲಿನ ಮೇಲೂ ಮೂರು ವರ್ಷ



ಸ್ವಂತ ಉದ್ಯಮಕ್ಕೆ ಬೇಕಾದ ತಾಳ್ಮೆಯ ಬಗ್ಗೆ ನಾಲ್ಕು ಮಾತು ಆಡು ಎಂದಿದ್ದೀರಿ. ‘ಕಲ್ಲಿನ ಮೇಲೂ ಮೂರು ವರ್ಷ’ ಎಂದು ಜಪಾನಿನಲ್ಲೊಂದು ಗಾದೆ. ತಣ್ಣನೆಯ ಕಲ್ಲೂ ಮೂರು ವರ್ಷ ಕೂತರೆ ಬೆಚ್ಚಗಾಗುತ್ತದೆ ಎಂದರ್ಥ. ಮಾಗಿಯ ಬೆಳಗ್ಗೆ ಹುತ್ರಿದುರ್ಗದ ಬಂಡೆ ಮೇಲೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಕೂತವನಿಗೆ ಅಲ್ಲಿಯವರೆಗೆ ಅನ್ನ ಹಾಕುವವರು ಯಾರು? ಗಾದೆ ಅದನ್ನು ಹೇಳುವುದಿಲ್ಲ.

ಇನ್ಫೋಸಿಸ್ಸನ್ನೇ ನೋಡಿ. 1981ರಲ್ಲಿ ಪುಣೆಯಲ್ಲಿ ಏಳು ಮಂದಿ ಸೇರಿ ಕಟ್ಟಿದ್ದು. ಸುಧಾ ಮೂರ್ತಿಯವರು ತಮ್ಮ ಉಳಿತಾಯದ 10,000 ರೂಪಾಯಿ ಕೊಟ್ಟದ್ದು ಎಲ್ಲರಿಗೂ ಗೊತ್ತು. ನನಗೆ ದೊಡ್ಡದಾಗಿ ಕಾಣುವುದು ಅವರೇ ಬರೆದಿರುವ ಇನ್ನೊಂದು ಸಂಗತಿ: ಮೂರು ವರ್ಷ ಮನೆ ಖರ್ಚು ತಾವು ನೋಡಿಕೊಳ್ಳುವುದಾಗಿ ಗಂಡನಿಗೆ ಮಾತು ಕೊಟ್ಟದ್ದು. ಆ ಕಲ್ಲೂ ಮೂರೇ ವರ್ಷಕ್ಕೆ ಬಿಸಿಯಾಗಲಿಲ್ಲ. ಫೋನಿಗೆ, ಕಂಪ್ಯೂಟರ್ ಆಮದಿಗೆ ವರ್ಷಗಟ್ಟಲೆ ಕಾದರು. 1990ರಲ್ಲಿ ಹತ್ತು ಲಕ್ಷ ಡಾಲರಿಗೆ ಕಂಪನಿ ಮಾರಿಬಿಡುವ ಮಾತೂ ಬಂತು. ನಾರಾಯಣ ಮೂರ್ತಿಯವರು ಒಪ್ಪಲಿಲ್ಲ. ಷೇರುಪೇಟೆಗೆ ಬಂದದ್ದು 1993ರಲ್ಲಿ.

ಮಕ್ಕಳು ಅಂಗಡಿಯೋ ಕಂಪನಿಯೋ ಇಡುತ್ತೇವೆಂದು ಬಂದರೆ ಬೈಯಬೇಡಿ, ಹೊಲವನ್ನೂ ಅಡವಿಡಬೇಡಿ. ಎಷ್ಟು ವರ್ಷ, ಅಷ್ಟೂ ದಿನ ಮನೆ ಯಾರ ದುಡಿಮೆಯಲ್ಲಿ ನಡೆಯಬೇಕು ಎಂದು ಎದುರು ಕೂರಿಸಿಕೊಂಡು ಕೇಳಿ.

ನಾನು ಕೆಲಸ ಬಿಟ್ಟು ಸಣ್ಣದೊಂದು ಸಾಫ್ಟ್‌ವೇರ್ ಕಂಪನಿ ತೆರೆದು ಹದಿನಾಲ್ಕು ತಿಂಗಳಾಯಿತು. ಮನೆ ಬಾಡಿಗೆ ಹೋಗುವುದು ಹೆಂಡತಿಯ ಸಂಬಳದಿಂದ. ಅಪ್ಪ ಬಸ್ಸಿಗೆ ರಾಗಿ ಮೂಟೆ ಹಾಕಿ ಕಳಿಸುತ್ತಾರೆ, ಲಾಭದ ಮಾತೆತ್ತುವುದಿಲ್ಲ, “ಊಟ ಆಯ್ತೇನಪ್ಪಾ?” ಅಂತಾರೆ ಅಷ್ಟೇ. ನಮ್ಮ ಮನೆಯಲ್ಲಿ ಆಗಿರುವ ಒಪ್ಪಂದವೂ ಮೂರು ವರ್ಷದ್ದೇ. ಇನ್ನು ಇಪ್ಪತ್ತೆರಡು ತಿಂಗಳಿದೆ.