ಕೈಕೆಳಗಿನವರು ಕೀಳಲ್ಲ



ಸರ್ಕಾರಿ ಕಚೇರಿಗಳಲ್ಲಿ ದಿನವೂ ಕೇಳಿಬರುವ ಒಂದು ಇಂಗ್ಲಿಷ್ ಪದದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಅದು 'ಸಬಾರ್ಡಿನೇಟ್'. ಲ್ಯಾಟಿನ್ ಭಾಷೆಯಲ್ಲಿ 'ಸಬ್' ಎಂದರೆ ಕೆಳಗೆ, 'ಓರ್ಡೊ' ಎಂದರೆ ಸಾಲು, ಕ್ರಮ. ಕ್ರಮದಲ್ಲಿ ಕೆಳಗಿನ ಸ್ಥಾನ ಎಂಬಷ್ಟೇ ಅದರ ಮೂಲ ಅರ್ಥ. ಕಾಯ್ದೆ ಕೊಟ್ಟ ಅಧಿಕಾರದಿಂದ ಸರ್ಕಾರ ರಚಿಸುವ ನಿಯಮಗಳಿಗೆ ಅಧೀನ ಶಾಸನ ಎನ್ನುತ್ತಾರೆ. ಆ ನಿಯಮ ಕಾಯ್ದೆಯನ್ನು ಮೀರುವಂತಿಲ್ಲ. ಹಾಗೆಂದು ಅದನ್ನು ಯಾರೂ ಕೀಳು ನಿಯಮ ಎನ್ನುವುದಿಲ್ಲ.

ಕೀಳು ಎಂಬ ಅರ್ಥ ಕೊಡುವ ಪದ ಬೇರೆಯೇ ಇದೆ, 'ಇನ್‌ಫೀರಿಯರ್'. ಕಳಪೆ ಸಿಮೆಂಟಿಗೂ ಅದೇ ಪದ. ಬ್ರಿಟಿಷರ ಕಾಲದ ವರ್ಗೀಕರಣದಲ್ಲಿ ಗುಮಾಸ್ತರು ಮೊದಲಾದವರದು 'ಸಬಾರ್ಡಿನೇಟ್' ಸೇವೆ, ಜವಾನರದು 'ಇನ್‌ಫೀರಿಯರ್' ಸೇವೆ! 1947ರಲ್ಲಿ ವರದಿ ಕೊಟ್ಟ ಮೊದಲ ಕೇಂದ್ರ ವೇತನ ಆಯೋಗ ಈ ಎರಡೂ ಹೆಸರುಗಳನ್ನು ಕೈಬಿಡಲು ಹೇಳಿತು. ಅವು ಮೂರನೆಯ ಮತ್ತು ನಾಲ್ಕನೆಯ ದರ್ಜೆಗಳಾದವು. ನಮ್ಮ ರಾಜ್ಯದಲ್ಲಿ ಈಗ ಜವಾನರನ್ನು 'ಗ್ರೂಪ್ ಡಿ' ನೌಕರರು ಎನ್ನುತ್ತೇವೆ. ಹೆಸರೇನೋ ಹೋಯಿತು, ನೋಟ ಹೋಗಿದೆಯೇ? ಐವತ್ತು ದಾಟಿದ ಜವಾನರನ್ನು ಇಪ್ಪತ್ತೈದರ ಅಧಿಕಾರಿ ಏಕವಚನದಲ್ಲಿ ಕೂಗುವುದನ್ನು ಇಂದಿಗೂ ಕಾಣುತ್ತೇವೆ.

ನಾನು ಎಂಜಿನಿಯರ್ ಆಗಿದ್ದವನು. ಕಾಮಗಾರಿಯ ಬಿಲ್ಲು ಹುಟ್ಟುವುದು ಅಳತೆ ಪುಸ್ತಕದಲ್ಲಿ. ಸ್ಥಳಕ್ಕೆ ಹೋಗಿ, ಟೇಪು ಹಿಡಿದು ಅದರಲ್ಲಿ ಅಳತೆ ಬರೆಯುವವರು ಕಿರಿಯ ಎಂಜಿನಿಯರ್. ಮೇಲಿನವರದು ತಪಾಸಣೆ, ಮಂಜೂರಾತಿ. ಕಾಲುವೆಯ ಆದೇಶ ಎಷ್ಟೇ ಎತ್ತರದಿಂದ ಬರಲಿ, ಹೊಲಕ್ಕೆ ನೀರು ಹರಿಯುವುದು ನೀರಗಂಟಿ ತೂಬು ಎತ್ತಿದಾಗಲೇ. ಸಹಿ ಯಾರದು, ಹೊಣೆ ಯಾರದು ಎಂದು ತಿಳಿಯಲು ಕ್ರಮ ಬೇಕೇ ಬೇಕು. ಆದರೆ ಆ ಕ್ರಮ ಇರುವುದು ಕೆಲಸಕ್ಕೆ. ಅದರಿಂದ ಮನುಷ್ಯರ ಬೆಲೆ ಅಳೆಯಬಾರದು.

ಬಸವಣ್ಣನವರೂ ಬಿಜ್ಜಳನ ಆಳ್ವಿಕೆಯಲ್ಲಿ ಅಧೀನ ಅಧಿಕಾರಿಯೇ ಆಗಿದ್ದರು. ಅದರಿಂದ ಅವರ ಘನತೆಗೆ ಕುಂದು ಬರಲಿಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲ ಎಂದು ವೇದಿಕೆಯಲ್ಲಿ ಹೇಳುವ ನಾವು ಅದನ್ನು ಕಚೇರಿಯಲ್ಲೂ ಅಂಗಡಿಯಲ್ಲೂ ದಾಸೋಹದ ಅಡುಗೆಮನೆಯಲ್ಲೂ ನಡೆಸಿ ತೋರಿಸಬೇಕು. ಮೊದಲ ಹೆಜ್ಜೆಗೆ ಖರ್ಚೇನೂ ಇಲ್ಲ. ನಾಳೆಯಿಂದ ನಮ್ಮ ಕೈಕೆಳಗಿನವರನ್ನು ಹೆಸರು ಹಿಡಿದು, ಬಹುವಚನದಲ್ಲಿ ಮಾತನಾಡಿಸೋಣ.