ಕರೆಂಟ್ ಹೋದ ಮೇಲಿನ ಆಟ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



‘ತಂತ್ರಜ್ಞಾನ ಮತ್ತು ಗ್ರಾಮೀಣ ಶಿಕ್ಷಣ’ ಎಂದು ಕರೆಯೋಲೆಯಲ್ಲಿ ನನ್ನ ಹೆಸರಿನ ಮುಂದೆ ಅಚ್ಚಾಗಿದೆ. ಅಷ್ಟು ದೊಡ್ಡ ವಿಷಯದ ಮೇಲೆ ಮಾತಾಡುವ ಯೋಗ್ಯತೆ ನನಗಿಲ್ಲ. ಬಿ.ಇ. ಓದಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂಡುವವನು ನಾನು. ಹೋದ ತಿಂಗಳು ಇದೇ ಶಾಲೆಯಲ್ಲಿ ನಾವು ನಡೆಸಿದ ಸಹಾಯಾರ್ಥ ಇ-ಸ್ಪೋರ್ಟ್ಸ್ ಪಂದ್ಯಾವಳಿಯ ಬಗ್ಗೆ ಊರಲ್ಲಿ ಬಹಳ ಪ್ರಶ್ನೆಗಳಿವೆ ಎಂದು ಸಮಿತಿಯವರು ಹೇಳಿದರು. ಅದನ್ನೇ ಹೇಳುತ್ತೇನೆ.

ಮೊದಲು ಯಾತಕ್ಕೆ ಎನ್ನುವುದು. ಹತ್ತನೆಯ ತರಗತಿಯ ಮಕ್ಕಳು ಪರೀಕ್ಷೆಗೆ ಮುಂಚೆ ರಾತ್ರಿ ಶಾಲೆಯಲ್ಲಿ ಕುಳಿತು ಓದುತ್ತಾರೆ. ನಮ್ಮ ಕಾಲದಲ್ಲೂ ಓದುತ್ತಿದ್ದೆವು. ಮನೆಯಲ್ಲಿ ಜಾಗ ಇಲ್ಲದವರು, ಅಪ್ಪ ಅವ್ವ ಕಬ್ಬು ಕಡಿಯಲು ಹೋಗಿ ಮನೆಯಲ್ಲಿ ಅಜ್ಜಿಯೊಬ್ಬಳೇ ಇರುವವರು, ಅಂಥವರಿಗೆ ಆ ಕೋಣೆಯೇ ಗತಿ. ಕರೆಂಟ್ ಹೋದರೆ ಓದು ಬಂದ್. ಆ ಕೋಣೆಗೆ ಒಂದು ಇನ್ವರ್ಟರ್, ಬ್ಯಾಟರಿ, ಸಾಧ್ಯವಾದರೆ ಹೊಸ ಬೆಂಚುಗಳು. ಇಷ್ಟೇ ಬೇಡಿಕೆ.

ನಮ್ಮ ಭಾಗದಲ್ಲಿ ಹಿಂದೆ ಶಾಲೆಗೆ ಕೋಣೆ ಬೇಕಾದರೆ, ಗುಡಿಗೆ ಕಳಸ ಬೇಕಾದರೆ ಸಹಾಯಾರ್ಥ ನಾಟಕ ಆಡಿಸುತ್ತಿದ್ದರು. ಟಿಕೆಟ್ ಹಣದಲ್ಲಿ ಖರ್ಚು ಕಳೆದು ಉಳಿದದ್ದು ಕೆಲಸಕ್ಕೆ. ಪೆಟ್ರೋಮ್ಯಾಕ್ಸಿನ ಬತ್ತಿ ಸುಟ್ಟು ರಂಗ ಕತ್ತಲಾದರೆ ಹಾರ್ಮೋನಿಯಂ ಮಾಸ್ತರರು ಒಂದು ಹಾಡು ಎತ್ತಿಕೊಳ್ಳುತ್ತಿದ್ದರಂತೆ, ಬತ್ತಿ ಕಟ್ಟುವ ತನಕ. ಈಗ ನಾಟಕಕ್ಕೆ ಮೂರು ತಾಸು ಕೂಡುವವರು ಕಡಿಮೆ. ಹಳೆಯ ವಿದ್ಯಾರ್ಥಿಗಳು ಪುಣೆ, ಬೆಂಗಳೂರು, ಹುಬ್ಬಳ್ಳಿ, ಕೊಲ್ಲಿ ದೇಶ ಎಂದು ಚದುರಿ ಹೋಗಿದ್ದೇವೆ. ನಮ್ಮೆಲ್ಲರನ್ನೂ ಒಂದು ಭಾನುವಾರ ಒಂದೇ ಕಡೆ ಕೂಡಿಸುವ ವಸ್ತು ಯಾವುದೆಂದು ನೋಡಿದರೆ, ಎಲ್ಲರ ಕೈಯಲ್ಲೂ ಇದ್ದದ್ದು ಮೊಬೈಲ್.

ಈ ಮಾತು ಹೇಳಿದ ದಿನವೇ ಹಿರಿಯರೊಬ್ಬರು ಕೇಳಿದರು: “ಏನಪಾ, ಹುಡುಗರ ಕೈಯಾಗಿನ ಮೊಬೈಲ್ ಬಿಡಸ್ರಿ ಅಂದ್ರ ನೀನ ಕೊಡಾಕ ಹತ್ತೀಯಲ್ಲ?” ಅವರ ಪ್ರಶ್ನೆ ಸರಿಯಾಗಿತ್ತು. ಆನ್‌ಲೈನ್ ಆಟದಲ್ಲಿ ಹಣ ಹಚ್ಚಿ ಮನೆ ಹಾಳು ಮಾಡಿಕೊಂಡವರ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅದೇ ಕಾನೂನು ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ನೋಡುತ್ತದೆ. ಕುಸ್ತಿಗೂ ಇಸ್ಪೀಟು ಅಡ್ಡೆಗೂ ಇರುವ ಅಂತರ ಈ ಊರಿಗೆ ನಾನು ಹೇಳಿಕೊಡಬೇಕಿಲ್ಲ. ಆದರೂ ಅನುಮಾನಕ್ಕೆ ಎಡೆ ಬೇಡವೆಂದು ಎರಡು ಕಟ್ಟಳೆ ಹಾಕಿಕೊಂಡೆವು. ಆಡುವವರಿಂದ ಪ್ರವೇಶ ಶುಲ್ಕ ಒಂದು ಪೈಸೆಯೂ ಇಲ್ಲ. ಗೆದ್ದವರಿಗೆ ಹಣವಿಲ್ಲ, ಪುಸ್ತಕ ಮಾತ್ರ. ನೋಡುವವರು ಮನಸ್ಸಿದ್ದಷ್ಟು ಶಾಲೆಯ ಖಾತೆಗೆ ನೇರವಾಗಿ ಹಾಕಬೇಕು. ನನ್ನ ಖಾತೆಗಾಗಲಿ, ಇನ್ನೊಬ್ಬ ಗೆಳೆಯನ ಖಾತೆಗಾಗಲಿ ಅಲ್ಲ. ಹೊರದೇಶದ ಪೌರತ್ವ ತೆಗೆದುಕೊಂಡ ಗೆಳೆಯರಿಂದ ಹಣ ಪಡೆಯಲಿಲ್ಲ, ವಿದೇಶಿ ದೇಣಿಗೆಗೆ ಬೇರೆ ಕಾಯಿದೆ ಇದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈಯಲ್ಲೋ ಮಸ್ಕತ್‌ನಲ್ಲೋ ದುಡಿಯುವವರು ಬ್ಯಾಂಕಿನ ಮೂಲಕ ಕಳಿಸಿದರೆ ಆ ಕಾಯಿದೆ ಅಡ್ಡಿಯಿಲ್ಲ. ಈ ಒಂದು ಸಂಗತಿ ತಿಳಿಸಿ ಹೇಳುವುದಕ್ಕೇ ಎರಡು ರಾತ್ರಿ ಫೋನಿನಲ್ಲಿ ಹೋಯಿತು.

ಯಾವ ಆಟ? ಹುಡುಗರೆಲ್ಲ ಗುಂಡು ಹಾರಿಸುವ ಆಟದ ಹೆಸರು ಹೇಳಿದರು. ಅವುಗಳ ಪಾಡು ನಿಮಗೂ ಗೊತ್ತು. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು, ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ. ಪಬ್‌ಜಿಯ ಬದಲು ಬಂದ ಬಿಜಿಎಂಐ ಕೂಡ 2022ರ ಜುಲೈಯಲ್ಲಿ ಮಾಯವಾಗಿ ಮರುವರ್ಷ ತಿರುಗಿ ಬಂತು. ಅದಕ್ಕಿಂತ ಮುಖ್ಯ, ಆ ಆಟಗಳಿಗೆ ಒಳ್ಳೆಯ ಫೋನು, ಗಟ್ಟಿ ನೆಟ್‌ವರ್ಕು ಬೇಕು. ಐದು ಸಾವಿರದ ಹಳೆಯ ಫೋನಿನ ಹುಡುಗ ಇಪ್ಪತ್ತೈದು ಸಾವಿರದ ಫೋನಿನವನ ಮುಂದೆ ಆಡುವ ಮೊದಲೇ ಸೋತಿರುತ್ತಾನೆ. ಚದುರಂಗದಲ್ಲಿ ಹಾಗಿಲ್ಲ. ಒಂದು ನಡೆ ಎಂದರೆ ಬೆರಳೆಣಿಕೆಯ ಅಕ್ಷರಗಳು, ಒಂದು ಎಸ್‌ಎಂಎಸ್‌ಗಿಂತ ಸಣ್ಣದು. ಚದುರಂಗ ಇ-ಸ್ಪೋರ್ಟ್ಸ್ ಹೇಗಾದೀತು ಎಂದು ಮಕ್ಕಳೇ ಜಗಳ ತೆಗೆದರು. 2025ರಲ್ಲಿ ರಿಯಾದ್‌ನಲ್ಲಿ ನಡೆದ ಇ-ಸ್ಪೋರ್ಟ್ಸ್ ವಿಶ್ವಕಪ್‌ನಲ್ಲಿ ಚದುರಂಗವೂ ಇತ್ತು, ಮ್ಯಾಗ್ನಸ್ ಕಾರ್ಲ್‌ಸನ್ ಗೆದ್ದರು, ನಮ್ಮ ಅರ್ಜುನ್ ಎರಿಗೈಸಿ ನಾಲ್ಕನೆಯವರಾದರು ಎಂದು ತೋರಿಸಿದ ಮೇಲೆ ಸುಮ್ಮನಾದರು.

ಇದು ನಾವೇ ಹುಟ್ಟಿಸಿದ ಉಪಾಯವಲ್ಲ. ಕೊರೋನಾ ಬಂದ 2020ರ ಏಪ್ರಿಲ್‌ನಲ್ಲಿ ವಿಶ್ವನಾಥನ್ ಆನಂದ್ ಮತ್ತು ಇನ್ನೂ ಐವರು ಆಟಗಾರರು ಮನೆಯಲ್ಲೇ ಕುಳಿತು ಅಭಿಮಾನಿಗಳೊಂದಿಗೆ ಆನ್‌ಲೈನ್ ಆಡಿ ಪಿಎಂ-ಕೇರ್ಸ್ ನಿಧಿಗೆ 4.5 ಲಕ್ಷ ರೂಪಾಯಿ ಕೂಡಿಸಿದ್ದರು. ಮರುವರ್ಷ, 2021ರ ಜೂನ್ 13ರಂದು, ಅಕ್ಷಯಪಾತ್ರ ಸಂಸ್ಥೆಯ ಸಹಾಯಾರ್ಥ ಆನಂದ್ ಮತ್ತೆ ಕುಳಿತರು. ಎದುರಿಗೆ ಆಡಿದವರಲ್ಲಿ ನಮ್ಮ ಕಿಚ್ಚ ಸುದೀಪ್ ಇದ್ದರು, ಆಮಿರ್ ಖಾನ್ ಇದ್ದರು, ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಇದ್ದರು. ಕಾಮತ್ ಅವರು ಆನಂದರನ್ನೇ ಸೋಲಿಸಿಬಿಟ್ಟರು! ಮರುದಿನ ಅವರೇ ಒಪ್ಪಿಕೊಂಡರು, ಕಂಪ್ಯೂಟರಿನ ಮತ್ತು ಬಲ್ಲವರ ಸಹಾಯ ಪಡೆದಿದ್ದೆ ಎಂದು. ಸಹಾಯಾರ್ಥ ಆಟ ತಾನೆ, ತಮಾಷೆಗೆ ತಾನೆ ಎನ್ನಬಹುದು. ನನಗೆ ಹಾಗೆ ಅನಿಸುವುದಿಲ್ಲ. ಅಂದು ಮಕ್ಕಳ ಊಟಕ್ಕೆ ಎಷ್ಟು ಹಣ ಬಂತೆಂದು ಯಾರಿಗೂ ನೆನಪಿಲ್ಲ, ಈ ಒಂದು ಆಟ ಎಲ್ಲರಿಗೂ ನೆನಪಿದೆ. ಅದಕ್ಕೇ ಊರಲ್ಲಿ ಆಡುವವರೆಲ್ಲ ಇದೇ ಶಾಲೆಯ ಕೋಣೆಯಲ್ಲಿ, ಶಿಕ್ಷಕರ ಕಣ್ಣೆದುರಿಗೇ ಆಡಬೇಕು ಎಂದೆವು. ಹೊರಗಿನವರು ಕ್ಯಾಮೆರಾ ಹಚ್ಚಿ ಕೂಡಬೇಕು.

ನಾವು ಬಳಸಿದ್ದು ಲಿಚೆಸ್ ಎಂಬ ತಾಣ. ತಿಬೋ ಡುಪ್ಲೆಸಿಸ್ ಎಂಬ ಫ್ರೆಂಚ್ ಪ್ರೋಗ್ರಾಮರ್ 2010ರಲ್ಲಿ ಶುರು ಮಾಡಿದ್ದು. ಜಾಹೀರಾತಿಲ್ಲ, ಶುಲ್ಕವಿಲ್ಲ, ದೇಣಿಗೆಯಿಂದಲೇ ನಡೆಯುತ್ತದೆ. ಶಿಕ್ಷಕರು ‘ತರಗತಿ’ ತೆರೆದು ಮಕ್ಕಳಿಗೆ ಇಮೇಲ್ ಇಲ್ಲದೆಯೇ ಖಾತೆ ಮಾಡಿಕೊಡಬಹುದು. ನಮ್ಮ ಮಕ್ಕಳಲ್ಲಿ ಇಮೇಲ್ ಇದ್ದವರು ಎಷ್ಟು ಜನ, ನೀವೇ ಹೇಳಿ.

ಇನ್ನು ಆ ಭಾನುವಾರದ ಕಥೆ.

ಬೆಳಿಗ್ಗೆ ಹತ್ತಕ್ಕೆ ಶುರು. ಕೋಣೆ ತುಂಬ ಮಕ್ಕಳು, ಒಂದೇ ವೈಫೈ ಪೆಟ್ಟಿಗೆ. ಮನೆಯಲ್ಲಿ ಇಡುವ ಸಣ್ಣ ಪೆಟ್ಟಿಗೆ ಹತ್ತು ಹದಿನೈದು ಫೋನು ತಾಳುತ್ತದೆ, ಮೂವತ್ತಾದರೆ ಏದುಸಿರು ಬಿಡುತ್ತದೆ. ಅದರ ಮೇಲೆ ವಿಡಿಯೋ ನೇರಪ್ರಸಾರವೂ ಅದೇ ದಾರಿಯಲ್ಲಿ ಹೋಗುತ್ತಿತ್ತು. ಚದುರಂಗದ ನಡೆ ಸೈಕಲ್ಲಿನಲ್ಲಿ ಹೋಗುವ ಹುಡುಗನಾದರೆ ವಿಡಿಯೋ ಎಂದರೆ ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರು. ಇಬ್ಬರೂ ಒಂದೇ ಓಣಿಯಲ್ಲಿ ಹೊರಟರೆ ಸೈಕಲ್ಲಿನವನು ಚರಂಡಿಗೆ ಇಳಿಯಬೇಕು. ಮೊದಲ ಸುತ್ತಿನಲ್ಲೇ ಏಳೆಂಟು ಮಕ್ಕಳ ಪರದೆ ನಿಂತುಹೋಯಿತು.

ಟ್ರ್ಯಾಕ್ಟರ್ ಎಂದೆನಲ್ಲ, ಅದೂ ಬಂತು. ಕಾರ್ಖಾನೆ ನುರಿಸುವ ಹಂಗಾಮು. ಶಾಲೆಯ ಮುಂದಿನ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ದೊಡ್ಡ ದನಿಯಲ್ಲಿ ಸಿನಿಮಾ ಹಾಡು ಹಚ್ಚಿಕೊಂಡು ಸಾಲಾಗಿ ಹೋದವು. ನಮ್ಮ ಮೈಕು ಆ ಹಾಡನ್ನು ಹಿಡಿಯಿತು, ಪ್ರಸಾರದ ತಾಣವು ಹಾಡಿನ ಹಕ್ಕು ಬೇರೆಯವರದ್ದೆಂದು ಪ್ರಸಾರವನ್ನೇ ತಡೆಯಿತು. ಮಸ್ಕತ್‌ನಲ್ಲಿ ನೋಡುತ್ತಿದ್ದ ಗೆಳೆಯ “ಏನಾತು, ಎಲ್ಲಾರೂ ಹೋದ್ರೇನು?” ಎಂದು ಮೆಸೇಜು ಹಾಕಿದ. ನಗು ಬಂದರೂ ಒಳಗೆ ಹೆದರಿಕೆಯಾಯಿತು. ನೋಡುವವರು ಎದ್ದು ಹೋದರೆ ಹಣ ನಿಲ್ಲುತ್ತದೆ.

ಇಂಥ ಹೊತ್ತಿನಲ್ಲಿ ನನಗೆ ನೆನಪಾದದ್ದು ಅಮೆರಿಕದ ಒಂದು ಸಂಗತಿ. 2010ರ ಜನವರಿಯಲ್ಲಿ ಕೆಲವು ಯುವಕರು ವರ್ಜೀನಿಯಾದ ಒಂದು ಹೋಟೆಲಿನಲ್ಲಿ ಹಳೆಯ ವಿಡಿಯೋ ಗೇಮ್‌ಗಳನ್ನು ಎಡೆಬಿಡದೆ ಆಡಿ ತೋರಿಸಿ, ಕೇರ್ ಎಂಬ ಸೇವಾಸಂಸ್ಥೆಗೆ ಹಣ ಕೂಡಿಸಲು ಹೊರಟಿದ್ದರು. ಹೋಟೆಲಿನ ಇಂಟರ್ನೆಟ್ ಕೈಕೊಟ್ಟಿತು. ಅವರ ಮುಂದಾಳು ಮೈಕ್ ಉಯಾಮ ಎಲ್ಲ ಸಾಮಾನು ಕಟ್ಟಿಕೊಂಡು ತನ್ನ ತಾಯಿಯ ಮನೆಯ ನೆಲಮಾಳಿಗೆಗೆ ಹೋಗಿ ಅಲ್ಲಿಂದ ಪ್ರಸಾರ ಮಾಡಿದ. 10 ಸಾವಿರ ಡಾಲರ್‌ಗಿಂತ ಹೆಚ್ಚು ಹಣ ಬಂತು. ‘ಗೇಮ್ಸ್ ಡನ್ ಕ್ವಿಕ್’ ಎಂಬ ಆ ಕಾರ್ಯಕ್ರಮ ಈಗಲೂ ನಡೆಯುತ್ತದೆ, ಒಂದೇ ವಾರದಲ್ಲಿ 30 ಲಕ್ಷ ಡಾಲರ್ ದಾಟಿದ್ದೂ ಉಂಟು.

ನಮಗೆ ನೆಲಮಾಳಿಗೆ ಇರಲಿಲ್ಲ. ಇದ್ದದ್ದು ನಿವೃತ್ತ ದೈಹಿಕ ಶಿಕ್ಷಕರ ಗಂಟಲು. ವಿಡಿಯೋ ಪೂರ್ತಿ ನಿಲ್ಲಿಸಿದೆವು. ಬರೀ ದನಿ ಕಳಿಸಲು ವಿಡಿಯೋಕ್ಕೆ ಬೇಕಾದದ್ದರಲ್ಲಿ ಹತ್ತನೆಯ ಒಂದು ಪಾಲೂ ಬೇಡ. ಗುರುಗಳನ್ನು ರಸ್ತೆಯಿಂದ ದೂರ, ಹಿಂದಿನ ಪ್ರಯೋಗಾಲಯದಲ್ಲಿ ಕಿಟಕಿ ಮುಚ್ಚಿ ಕೂಡಿಸಿದೆವು. ಕಬಡ್ಡಿಗೆ ವೀಕ್ಷಕ ವಿವರಣೆ ಕೊಡುವಂತೆಯೇ ಚದುರಂಗಕ್ಕೂ ಕೊಟ್ಟರು. “ಒಂಟಿ ಓರೆಗೆ ಬಂತು, ಕುದುರಿ ಜಿಗೀತು, ಆನಿ ಬಾಗಲಾ ಕಾಯಾಕತ್ತೈತಿ, ರಾಜಾ ಎಲ್ಲಿ ಹೊಕ್ಕಾನ ನೋಡೂಣು” ಎನ್ನುತ್ತಿದ್ದರೆ ಕೇಳುವವರು ಹೆಚ್ಚಾದರು. ಚದುರಂಗ ಬಾರದವರೂ ಕೇಳಿದರು. ಇತ್ತ ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಎರಡು ಬೇರೆ ಬೇರೆ ಕಂಪನಿಯ ಸಿಮ್ ಇದ್ದ ನಾಲ್ಕು ಫೋನುಗಳಿಂದ ಹಾಟ್‌ಸ್ಪಾಟ್ ಕೊಟ್ಟೆವು. ಪರದೆ ನಿಲ್ಲುವುದು ನಿಂತಿತು.

ಮಧ್ಯಾಹ್ನ ಎರಡಾದ ಮೇಲೆ ಕರೆಂಟ್ ಹೋಯಿತು. ಇನ್ವರ್ಟರಿಗಾಗಿ ಆಡುತ್ತಿದ್ದ ಆಟದಲ್ಲಿಯೇ! ಫೋನಿಗೆ ಬ್ಯಾಟರಿ ಇರುತ್ತದೆ, ಏನಾಯಿತೀಗ ಎನ್ನಬಹುದು. ಊರಿನ ಕರೆಂಟ್ ಹೋದಾಗ ಮನೆಮನೆಯ ವೈಫೈ ಆರಿ ಎಲ್ಲರೂ ಒಮ್ಮೆಲೇ ಮೊಬೈಲ್ ಡೇಟಾಕ್ಕೆ ಬರುತ್ತಾರೆ. ಒಂದೇ ಟವರಿನ ಮೇಲೆ ಇಡೀ ಊರಿನ ಭಾರ. ಆಗ ನಾಲ್ಕರ ಘಟ್ಟ. ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪುಣೆಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರ ಜೊತೆ ಆಡುತ್ತಿದ್ದಳು. ಅವಳದೇ ನಡೆ, ಅವಳದೇ ಗಡಿಯಾರ ಓಡುತ್ತಿದೆ, ಪರದೆಯ ಮೇಲೆ ಸಂಪರ್ಕವಿಲ್ಲ. ಸಣ್ಣ ತಡವಾದರೆ ಆ ತಾಣವೇ ಸಮಯ ಹೊಂದಿಸಿ ಕೊಡುತ್ತದೆ, ಪೂರ್ತಿ ಕಡಿದರೆ ಏನೂ ಮಾಡಲಾರದು. ಅವಳ ಸಮಯ ತೀರಿತು. ತಾಣ ಅವಳು ಸೋತಳೆಂದು ತೋರಿಸಿತು.

ಈ ಪ್ರಶ್ನೆ ದೊಡ್ಡವರಿಗೂ ಬಂದದ್ದೇ. 2020ರ ಆಗಸ್ಟ್ 30ರಂದು ಮೊಟ್ಟಮೊದಲ ಆನ್‌ಲೈನ್ ಚೆಸ್ ಒಲಿಂಪಿಯಾಡ್‌ನ ಫೈನಲ್, ಭಾರತಕ್ಕೂ ರಷ್ಯಾಕ್ಕೂ. ಮೊದಲ ಸುತ್ತು ಸಮ. ಎರಡನೆಯದರಲ್ಲಿ ನಿಹಾಲ್ ಸರಿನ್, ದಿವ್ಯಾ ದೇಶಮುಖ್ ಇಬ್ಬರ ಸಂಪರ್ಕವೂ ಕಡಿದು ಸಮಯ ತೀರಿತು. ಅಂದು ಜಗತ್ತಿನ ಹಲವು ಕಡೆ ಇಂಟರ್ನೆಟ್ ಕೆಟ್ಟಿತ್ತು. ಭಾರತ ಮೇಲ್ಮನವಿ ಸಲ್ಲಿಸಿತು. ಫಿಡೆ ಅಧ್ಯಕ್ಷ ಅರ್ಕಾದಿ ದ್ವೋರ್ಕೊವಿಚ್ ಎರಡೂ ತಂಡಕ್ಕೆ ಚಿನ್ನ ಎಂದು ತೀರ್ಪು ಕೊಟ್ಟರು. ಒಳ್ಳೆಯ ತೀರ್ಪೇ. ಆದರೆ ಆಟ ಮುಗಿದ ಮೇಲೆ ಕೊಡುವ ತೀರ್ಪಿನಲ್ಲಿ ಒಬ್ಬರಿಗಾದರೂ ಒಂದು ಮಾತು ಉಳಿದೇ ಉಳಿಯುತ್ತದೆ. ಅದನ್ನು ತಿಳಿದೇ ನಾವು ಮೊದಲೇ ಬಿಳಿ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೆವು: ಸಂಪರ್ಕ ಕಡಿದು ಸಮಯ ತೀರಿದರೆ ಅದು ಸೋಲಲ್ಲ. ಶಿಕ್ಷಕರು ಕಣ್ಣಾರೆ ಕಂಡಿದ್ದರೆ ನಿಂತಲ್ಲಿಂದಲೇ, ಉಳಿದಿದ್ದ ಸಮಯದೊಂದಿಗೆ ಆಟ ಮುಂದುವರಿಯುತ್ತದೆ.

ಪಕ್ಕದಲ್ಲಿ ನಿಂತಿದ್ದ ಗಣಿತದ ಶಿಕ್ಷಕಿ ಸಂಪರ್ಕ ಕಡಿದಾಗಿನ ಸಮಯವನ್ನು ಸೀಮೆಸುಣ್ಣದಿಂದ ಹಲಗೆಯ ಮೇಲೆ ಬರೆದಿದ್ದರು. ಕಾಯಿಗಳು ಎಲ್ಲಿದ್ದವೆಂಬುದು ಕಟ್ಟಿಗೆಯ ಚದುರಂಗದ ಮೇಲೆ ಇತ್ತು. ನಲವತ್ತು ನಿಮಿಷ ಕಾದೆವು. ಆ ನಲವತ್ತು ನಿಮಿಷ ಪ್ರಸಾರದಲ್ಲಿ ಗುರುಗಳು ತಮ್ಮ ಕಾಲದ ಕುಸ್ತಿಗಳ ಕಥೆ ಹೇಳಿದರಂತೆ. ಅವರ ಫೋನಿಗೆ ಹೇಗೋ ಸಿಗ್ನಲ್ ಇತ್ತು. ದಿನವೆಲ್ಲ ಬಂದ ಹಣದಲ್ಲಿ ದೊಡ್ಡ ಪಾಲು ಬಂದದ್ದು ಆಗಲೇ ಎಂದು ಖಾತೆಯ ವಿವರ ನೋಡಿದ ಮೇಲೆ ತಿಳಿಯಿತು. ಕತ್ತಲಲ್ಲಿ ಕೂತ ಮಕ್ಕಳಿಗಾಗಿ ಕೊಟ್ಟರೋ, ಕುಸ್ತಿಯ ಕಥೆಗೆ ಕೊಟ್ಟರೋ, ಬಲ್ಲವರು ಹೇಳಬೇಕು.

ಕರೆಂಟ್ ಬಂದ ಮೇಲೆ ಪುಣೆಯವರು ಅದೇ ಸ್ಥಿತಿಯಿಂದ ಆಟ ಶುರು ಮಾಡಲು ಒಪ್ಪಿದರು. “ನಿಯಮ ಗೋಡಿ ಮ್ಯಾಲ ಐತಿ, ನಾ ಏನ ಒಪ್ಪೂದು” ಎಂದರು. ಹುಡುಗಿ ಇಪ್ಪತ್ತು ನಡೆ ಹೋರಾಡಿ ಸೋತಳು. ಆನೆ ಕಳೆದುಕೊಂಡು ಸೋತಳು, ಕರೆಂಟ್ ಕಳೆದುಕೊಂಡು ಅಲ್ಲ. ಅವಳು ಈ ಸಭೆಯಲ್ಲೇ ಇದ್ದಾಳೆ. ಆ ಆಟದ ನಡೆಗಳನ್ನು ವಹಿಯಲ್ಲಿ ಬರೆದಿಟ್ಟುಕೊಂಡು, ಯಾವ ನಡೆ ತಪ್ಪಿತೆಂದು ಪುಣೆಯವರನ್ನೇ ಫೋನು ಮಾಡಿ ಕೇಳುತ್ತಿದ್ದಾಳೆಂದು ಅವಳ ತಂದೆ ಹೇಳಿದರು. ಕೈಯಲ್ಲಿನ ಮೊಬೈಲ್ ಬಿಡಿಸು ಎಂದು ನನ್ನನ್ನು ಕೇಳಿದ ಹಿರಿಯರು ಅವಳ ಅಜ್ಜ.

ಲೆಕ್ಕ ಹೇಳಿ ಮುಗಿಸುತ್ತೇನೆ. ಬಂದ ಹಣದಲ್ಲಿ ಇನ್ವರ್ಟರ್ ಬಂದಿದೆ, ಎರಡು ಬ್ಯಾಟರಿ ಬಂದಿವೆ, ವೈರಿಂಗ್ ಆಗಿದೆ. ಬೆಂಚುಗಳಿಗೆ ಹಣ ಸಾಲಲಿಲ್ಲ. ಒಂದೊಂದು ರೂಪಾಯಿಯ ವಿವರ, ಬಿಲ್ಲುಗಳ ಪ್ರತಿ ಸಮೇತ, ಮುಖ್ಯೋಪಾಧ್ಯಾಯರ ಕೋಣೆಯ ಹೊರಗಿನ ಫಲಕದಲ್ಲಿ ಹಚ್ಚಿದೆ. ಹೋಗುವಾಗ ದಯವಿಟ್ಟು ನೋಡಿರಿ, ಸಂಶಯ ಬಂದರೆ ಕೇಳಿರಿ. ಆಟದ ದಿನ ತಂದಿದ್ದ ವೈಫೈ ಪೆಟ್ಟಿಗೆ, ಮೈಕು, ವೈರುಗಳನ್ನು ಶಾಲೆಗೇ ಬಿಟ್ಟಿದ್ದೇವೆ. ಅವುಗಳನ್ನು ಬಿಚ್ಚಿ ಜೋಡಿಸುವುದನ್ನು ಹತ್ತನೆಯ ತರಗತಿಯ ನಾಲ್ವರು ಮಕ್ಕಳು ಕಲಿತಿದ್ದಾರೆ, ಇನ್ನು ನಮ್ಮನ್ನು ಬೆಂಗಳೂರಿನಿಂದ ಕರೆಸಬೇಕಿಲ್ಲ. ಬೆಂಚುಗಳಿಗಾಗಿ ಯುಗಾದಿಯ ನಂತರ ಇನ್ನೊಂದು ಸುತ್ತು ಮಾಡೋಣವೆಂದು ಸಮಿತಿಯವರು ಹೇಳುತ್ತಿದ್ದಾರೆ. ಆಗ ಕಬ್ಬಿನ ಟ್ರ್ಯಾಕ್ಟರುಗಳೂ ಇರುವುದಿಲ್ಲ. ಆಡುವವರು ಗಣಿತದ ಶಿಕ್ಷಕಿಯವರ ಹತ್ತಿರ ಹೆಸರು ಬರೆಸಿರಿ. ವಿವರಣೆ ಕೊಡಲು ನಮ್ಮ ಗುರುಗಳು ಈಗಾಗಲೇ ಒಪ್ಪಿದ್ದಾರೆ.